ದೊಡ್ಡಿ ಕಾಯುವವನ ವಂಶ

ಮೂವತ್ತೊಂದು ವರ್ಷ ಬಸ್ಸು ಓಡಿಸಿದೆ, ಎಲ್ಲಿಗೂ ಹೋಗಲಿಲ್ಲ ಎಂದು ಕ್ಲಿಫರ್ಡ್ ಪೆನ್‌ಫೋಲ್ಡ್ ತನ್ನ ಬಗ್ಗೆ ತಾನೇ ಹೇಳಿಕೊಂಡು ನಗುತ್ತಿದ್ದ. ಬೆಳಿಗ್ಗೆ ನಮ್ಮ ಬೆಡ್ಲಿಂಗ್‌ನಿಂದ ಲೂಯಿಸ್ ಪೇಟೆಗೆ, ಸಂಜೆ ಪೇಟೆಯಿಂದ ಮತ್ತೆ ಬೆಡ್ಲಿಂಗ್‌ಗೆ. ಅಷ್ಟು ಮೈಲಿಯನ್ನು ಒಂದೇ ದಿಕ್ಕಿಗೆ ಓಡಿಸಿದ್ದರೆ ಚಂದ್ರನನ್ನು ಮುಟ್ಟಿ ಬರಬಹುದಿತ್ತಂತೆ. ಅಲ್ಲಿಯೂ ಯಾವುದೋ ಅಜ್ಜಿ ಚಿಲ್ಲರೆ ಇಲ್ಲ ಎಂದು ನಿಂತಿರುತ್ತಿದ್ದಳು ಎಂದು ಅವನೇ ಸೇರಿಸುತ್ತಿದ್ದ. ಬೋಳು ತಲೆ, ಸೊಟ್ಟ ಮೊಣಕಾಲು, ಮದುವೆಯ ದಿನ ಚರ್ಚಿನ ಮೆಟ್ಟಿಲಲ್ಲಿ ಜಾರಿ ಪಾದ್ರಿಯ ಕಾಲಿಗೆ ಬಿದ್ದದ್ದು, ಇವು ಯಾವುದನ್ನೂ ಬೇರೆಯವರು ಆಡಿಕೊಳ್ಳಲು ಅವನು ಬಿಟ್ಟವನಲ್ಲ. ಅವರು ಬಾಯಿ ತೆರೆಯುವ ಮೊದಲೇ ತಾನು ಆಡಿಕೊಂಡು ಮುಗಿಸಿರುತ್ತಿದ್ದ.

ಅವನು ನಗದೆ ಇದ್ದದ್ದು ಒಂದೇ ವಿಷಯಕ್ಕೆ. ಅದು ಮನೆತನದ ಹೆಸರು.

ಬೆಂಕಿಗೂಡಿನ ಮೇಲೆ ಒಂದು ಮರದ ಗುರಾಣಿ ನೇತುಹಾಕಿದ್ದ. ಕೆಂಪು ಸಿಂಹ, ಅದರ ಪಂಜದಲ್ಲಿ ಕತ್ತಿ, ಕೆಳಗೆ ಚಿನ್ನದ ಬಣ್ಣದಲ್ಲಿ ಪೆನ್‌ಫೋಲ್ಡ್ ಎಂಬ ಹೆಸರು. ಸಮುದ್ರ ತೀರಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯವನು ಹೆಸರು ಕೇಳಿ, ಖಾನೆ ಎಳೆದು, ನಿಮ್ಮದು ಭಾರಿ ಮನೆತನ ಸ್ವಾಮಿ, ಒಂಬೈನೂರು ವರ್ಷದ ಹಿಂದೆ ರಾಜನ ಜತೆ ಹಡಗಿನಲ್ಲಿ ಬಂದ ಸರದಾರರು ಎಂದಿದ್ದ. ಹಿಂದೆ ನಿಂತಿದ್ದ ಬೇರೆ ಹೆಸರಿನ ಗಿರಾಕಿಗೂ ಅದೇ ಸಿಂಹ ಕೊಟ್ಟದ್ದನ್ನು ಹೆಂಡತಿ ಡೋರೀನ್ ಕಣ್ಣಾರೆ ನೋಡಿದ್ದಳು. ಅವನ ಸಿಂಹದ ಬಾಲ ಬೇರೆ ಇತ್ತು, ನೀನು ಸರಿಯಾಗಿ ನೋಡಲಿಲ್ಲ ಎಂದು ಕ್ಲಿಫರ್ಡ್ ದಾರಿಯುದ್ದಕ್ಕೂ ವಾದಿಸಿದ್ದ. ಬಾಲ ಬೇರೆ ಇರಲಿಲ್ಲವೆಂದು ಅವನಿಗೂ ಗೊತ್ತಿತ್ತು.

ಅಂದಿನಿಂದ ಅವನು ಪಬ್ಬಿಗೆ ಬಂದರೆ ನಾವು ಎದ್ದು ನಿಂತು ‘ಬನ್ನಿ ಸರದಾರರೇ’ ಎನ್ನುತ್ತಿದ್ದೆವು. ಅದರಲ್ಲಿ ಅರ್ಧವಾದರೂ ಮರ್ಯಾದೆ ಇದೆ ಎಂದು ಅವನು ನಂಬಿದ್ದ. ನಮ್ಮ ಬುದ್ಧಿಯಾದರೂ ಎಂಥದ್ದು, ಆ ನಂಬಿಕೆ ಮುರಿಯದ ಹಾಗೆ ನೋಡಿಕೊಂಡು ಅವನ ಲೆಕ್ಕದಲ್ಲೇ ಬಿಯರ್ ಕುಡಿಯುತ್ತಿದ್ದೆವು.

ಅವನ ಒಬ್ಬಳೇ ಮಗಳು ಲೋರ್ನಾ. ಗುಡ್ಡದ ತಪ್ಪಲಿನಲ್ಲಿ ಕುರಿ ಸಾಕುವ ಪೆಲ್ಲಿಂಗ್ ಮನೆಯ ನೀಲ್ ಎಂಬವನನ್ನು ಮದುವೆಯಾಗಿದ್ದಳು. ಆ ಬೇಸಿಗೆ ಅವಳು ಆರು ತಿಂಗಳ ಬಸುರಿ. ಮಗಳು ಬಸುರಿ ಎಂದು ಗೊತ್ತಾದ ದಿನವೇ ಕ್ಲಿಫರ್ಡ್‌ನ ತಲೆಗೆ ಹುಳ ಹೊಕ್ಕಿತು. ಇಡೀ ಬೆಡ್ಲಿಂಗ್‌ನಲ್ಲಿ ಉಳಿದ ಪೆನ್‌ಫೋಲ್ಡ್ ತಾನೊಬ್ಬನೇ. ತಾನು ಸತ್ತರೆ ಹೆಸರೂ ಸಮಾಧಿಯೊಳಗೆ. ಪೆಲ್ಲಿಂಗರಿಗೇನು, ಚರ್ಚಿನ ಮುಂದಿನ ಮೂರು ಬೆಂಚು ತುಂಬುವಷ್ಟಿದ್ದಾರೆ. ಹುಟ್ಟುವ ಮಗುವಿಗೆ ಪೆನ್‌ಫೋಲ್ಡ್ ಎಂದು ಇಟ್ಟರೆ ಅವರಿಗೆ ಹೋಗುವ ಗಂಟೇನು?

ನೀಲ್ ಒಳ್ಳೆಯ ಹುಡುಗ, ಲೋರ್ನಾ ಏನು ಹೇಳಿದರೆ ಅದು ಎಂದ. ಲೋರ್ನಾ ಆಮೇಲೆ ನೋಡೋಣ ಎಂದಳು. ಅಡ್ಡ ನಿಂತವಳು ನೀಲ್‌ನ ತಾಯಿ ಹಿಲ್ಡಾ ಪೆಲ್ಲಿಂಗ್. ಗಂಡ ಹೋದ ಮೇಲೆ ಇನ್ನೂರು ಕುರಿಗಳನ್ನೂ ಮೂವರು ಗಂಡುಮಕ್ಕಳನ್ನೂ ಒಂದೇ ದನಿಯಲ್ಲಿ ಗದರಿಸಿ ಸಾಕಿದವಳು. ಆ ದನಿಗೆ ನಮ್ಮೂರಿನ ಗಂಡಸರೆಲ್ಲ ಹೆದರುತ್ತಿದ್ದರು. ಅವಳ ಮೇಲಿನ ಹೊಲದ ಬೇಲಿ ಮುರಿದು ಮೂರು ವರ್ಷವಾಗಿತ್ತು. ಕುರಿಗಳು ಊರೊಳಗೆ ಬಂದು ಯಾರ ಹೂದೋಟಕ್ಕಾದರೂ ನುಗ್ಗಲಿ, ನಾವು ಕಿಟಕಿಯಿಂದ ನೋಡಿ ‘ಹಿಲ್ಡಾಳ ಕುರಿ’ ಎಂದು ಪರದೆ ಎಳೆದುಕೊಳ್ಳುತ್ತಿದ್ದೆವು. ಹೋಗಿ ಹೇಳುವ ಗಂಡು ಊರಲ್ಲಿ ಇರಲಿಲ್ಲ. ನಾನೂ ಅವರಲ್ಲೊಬ್ಬ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಹಿಲ್ಡಾ ಖಡಾಖಂಡಿತವಾಗಿ ಹೇಳಿಬಿಟ್ಟಳು. ಪೆಲ್ಲಿಂಗ್ ಮನೆಯ ಮಗು ಪೆಲ್ಲಿಂಗ್ ಆಗಿಯೇ ಬೆಳೆಯಬೇಕು. ಆದರೆ ಬೀಗ ಇಷ್ಟು ಹಟ ಹಿಡಿದಿರುವುದರಿಂದ ಒಂದು ಅವಕಾಶ. ಆಗಸ್ಟ್ ಎರಡನೆಯ ಭಾನುವಾರ ನಾಲ್ಕು ಗಂಟೆಗೆ ಅವನ ಮನೆಗೆ ಚಹಾಕ್ಕೆ ಬರುತ್ತಾಳೆ. ಆ ಹೆಸರು ಉಳಿಯಬೇಕು ಎನ್ನಲು ಅವನು ಒಂದು ಕಾರಣ ಹೇಳಲಿ. ಆ ಗುರಾಣಿಯ ಕತೆ ಬೇಡ, ನಿಜವಾದ ಕಾರಣ ಬೇಕು.

ನಿಜವಾದ ಕಾರಣ ಹುಡುಕಿಕೊಂಡು ಕ್ಲಿಫರ್ಡ್ ಮಿಸ್ ಟಪ್ಪನ್ ಹತ್ತಿರ ಹೋದ. ಎಂಬತ್ತಮೂರರ ಮುದುಕಿ, ನಮಗೆಲ್ಲ ಪಾಠ ಹೇಳಿದವರು, ಈಗ ಚರ್ಚಿನ ಹಿಂದಿನ ಕೋಣೆಯಲ್ಲಿ ಊರಿನ ಹಳೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಸಿಂಹದ ಮಾತು ಕೇಳಿ ಅವರು ನಗಲಿಲ್ಲ. ಕನ್ನಡಕ ಒರೆಸಿಕೊಂಡು, ಪೆನ್‌ಫೋಲ್ಡ್ ಎಂದರೆ ದೊಡ್ಡಿ ಎಂದರು. ಬೀಡಾಡಿ ದನಕುರಿಗಳನ್ನು ಹಿಡಿದು ಕೂಡುವ ದೊಡ್ಡಿ. ಅದರ ಪಕ್ಕದಲ್ಲಿ ಇದ್ದುಕೊಂಡು ಅದನ್ನು ಕಾಯುತ್ತಿದ್ದವನಿಗೆ ಜನ ಅದನ್ನೇ ಹೆಸರಾಗಿ ಕರೆದರು.

ಆಮೇಲೆ ಅವರು ಮುನ್ನೂರು ವರ್ಷ ಹಿಂದಿನ ಪಂಚಾಯ್ತಿಯ ನಡಾವಳಿ ತೆಗೆದು ಬೆರಳಿಟ್ಟು ಓದುತ್ತ ಹೋದರು. ದೊಡ್ಡಿ ಕಾಯುವ ಪೆನ್‌ಫೋಲ್ಡನ ತಲೆಗೆ ಆಲಿಸ್ ಎಂಬ ವಿಧವೆ ಹಾಲಿನ ಬಕೆಟ್ಟಿನಿಂದ ಹೊಡೆದಳು. ಐದು ಜನ ದೊಡ್ಡಿಯ ಗೋಡೆ ಕೆಡವಿ ತಮ್ಮ ಹಂದಿಯನ್ನು ಬಿಡಿಸಿಕೊಂಡು, ಪೆನ್‌ಫೋಲ್ಡನನ್ನು ಹಂದಿಯ ಜಾಗದಲ್ಲಿ ಕೂಡಿ ಹೋದರು. ಪೆನ್‌ಫೋಲ್ಡನು ನಿದ್ದೆ ಮಾಡಿದ್ದರಿಂದ ಊರಿನ ಗೋಧಿ ಹಾಳಾಯಿತು. ಕೂಡಿದ ಪ್ರಾಣಿಗೆ ಪೆನ್‌ಫೋಲ್ಡನೇ ಮೇವು ನೀರು ಕೊಡತಕ್ಕದ್ದು. ಒಡೆಯ ಬಂದು ಅವನನ್ನು ಕೇಳಿಯೇ ಬಿಡಿಸಿಕೊಳ್ಳತಕ್ಕದ್ದು.

ಕ್ಲಿಫರ್ಡ್ ಕುರ್ಚಿಯಲ್ಲಿ ಕೆಳಕೆಳಗೆ ಜಾರುತ್ತಿದ್ದ. ಕೊನೆಗೆ ಸಣ್ಣ ದನಿಯಲ್ಲಿ, "ಮಿಸ್, ಯುದ್ಧಕ್ಕೆ ಹೋದೋರು ಯಾರೂ ಇಲ್ವಾ ನಮ್ಮಲ್ಲಿ?" ಎಂದ.

"ಒಬ್ಬ ಹೋಗಿದ್ದಾನೆ ಕಣೋ, ಇಲ್ಲಿ ಬರೆದಿದೆ ನೋಡು. ಒಂದು ಹೆಬ್ಬಾತಿನ ಜತೆ" ಎಂದರು ಮಿಸ್ ಟಪ್ಪನ್. "ಗೆದ್ದದ್ದು ಹೆಬ್ಬಾತು."

ಆ ದೊಡ್ಡಿ ಎಲ್ಲಿತ್ತು ಎಂದು ಅವನು ಕೇಳಬೇಕಾಗಿರಲಿಲ್ಲ. ಅವನ ಮನೆಗೆ ಅಂಟಿಕೊಂಡೇ ಕಲ್ಲುಗೋಡೆಯ ಒಂದು ದುಂಡನೆಯ ಆವರಣ ಇತ್ತು, ಎದೆಯೆತ್ತರದ್ದು, ಒಂದೇ ಒಂದು ಮರದ ಬಾಗಿಲು. ಅದರ ಹೆಸರೇ ಹಳೇ ದೊಡ್ಡಿ. ಅರವತ್ತಾರು ವರ್ಷ ಅದರ ಪಕ್ಕದಲ್ಲೇ ಬದುಕಿ, ತನ್ನ ಹೆಸರಿಗೂ ಆ ಗೋಡೆಗೂ ಸಂಬಂಧ ಇರಬಹುದೆಂದು ಒಂದು ಸಲವೂ ಅನ್ನಿಸಿರಲಿಲ್ಲ. ಗಾಳಿ ಬೀಸದ ಜಾಗ ಎಂದು ಹದಿನೈದು ವರ್ಷದಿಂದ ಅದರೊಳಗೆ ಕೋಸು ಬೆಳೆಯುತ್ತಿದ್ದ. ಊರಿನ ತರಕಾರಿ ಪ್ರದರ್ಶನದಲ್ಲಿ ಅವನ ಕೋಸಿಗೆ ನಾಲ್ಕು ಸಲ ಬಹುಮಾನ ಬಂದಿತ್ತು. ಈ ವರ್ಷವೂ ಒಂಬತ್ತು ಕೋಸು, ಒಂದೊಂದೂ ನೀರಿನ ಕೊಡದಷ್ಟು ದೊಡ್ಡದು, ಮುಂದಿನ ಶನಿವಾರದ ಪ್ರದರ್ಶನಕ್ಕೆ ತಯಾರಾಗಿ ಕೂತಿದ್ದವು.

ಮನೆಗೆ ಬಂದು ಡೋರೀನ್‌ಗೆ ಎಲ್ಲ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ, ಆದರೆ ಆ ನಗು ಗಂಟಲಿಂದ ಕೆಳಗೆ ಇಳಿಯಲಿಲ್ಲ. ಸರದಾರರ ಕತೆಯನ್ನೇ ಗಟ್ಟಿಯಾಗಿ ಹೇಳಿಬಿಟ್ಟರೆ ಆಯಿತು, ಹಿಲ್ಡಾ ಏನು ಹಳೆಯ ಕಾಗದ ಓದಲು ಹೋಗುತ್ತಾಳಾ ಎಂದು ಲೆಕ್ಕ ಹಾಕಿದ. ಮಿಸ್ ಟಪ್ಪನ್ ಕೇಳದೆ ಬಾಯಿ ಬಿಡುವವರಲ್ಲ. ಶನಿವಾರ ಇಡೀ ದಿನ ಕನ್ನಡಿಯ ಮುಂದೆ ನಿಂತು ಸುಳ್ಳನ್ನು ಅಭ್ಯಾಸ ಮಾಡಿದ. ಆ ಬೋಳು ತಲೆಯ ಮೇಲೆ ಸರದಾರನ ಶಿರಸ್ತ್ರಾಣ ಕೂರಿಸಲು ಎಷ್ಟು ಕಷ್ಟಪಟ್ಟೆ ಎಂದು ಆಮೇಲೆ ಅವನೇ ನಮ್ಮ ಹತ್ತಿರ ಹೇಳಿಕೊಂಡಿದ್ದಾನೆ.

ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಸಿ ನಾವೆಲ್ಲ ಚರ್ಚಿನಿಂದ ಹೊರಗೆ ಬಂದೆವು. ಸಮಾಧಿಗಳ ನಡುವೆ ಏಳು ಕುರಿಗಳು. ಯಾರೋ ನಿನ್ನೆ ಇಟ್ಟ ಗುಲಾಬಿಗಳನ್ನು ಒಂದೊಂದಾಗಿ ಬಿಡಿಸಿ ತಿನ್ನುತ್ತಿದ್ದವು. ನಾವು ರೂಢಿಯಂತೆ ಹಿಲ್ಡಾಳ ಕುರಿ ಎಂದುಕೊಂಡು ಆಕಾಶ ನೋಡುತ್ತ ಗೇಟಿನ ಕಡೆ ನಡೆದೆವು. ಹಿಲ್ಡಾ ಆ ದಿನ ಚರ್ಚಿಗೆ ಬಂದಿರಲಿಲ್ಲ.

ಕ್ಲಿಫರ್ಡ್ ನಿಂತುಬಿಟ್ಟ. ಒಂದು ಕುರಿ ಅವನ ತಾಯಿಯ ಸಮಾಧಿಯ ಮೇಲೆ ಮುಂಗಾಲಿಟ್ಟುಕೊಂಡಿತ್ತು. ಡೋರೀನ್‌ಳ ಕೊಡೆ ಕಿತ್ತುಕೊಂಡು ‘ಹೋಯ್’ ಎಂದು ಕೂಗಿದ. ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರನ್ನು ಗದರಿಸುತ್ತಿದ್ದ ದನಿ ಅದು. ಕುರಿಗಳು ತಲೆಯೆತ್ತಿದವು. ಭಾನುವಾರದ ಕಪ್ಪು ಸೂಟು, ಒಂದು ಕೈಯಲ್ಲಿ ಪ್ರಾರ್ಥನೆಯ ಪುಸ್ತಕ, ಇನ್ನೊಂದರಲ್ಲಿ ಹೂವಿನ ಚಿತ್ರದ ಕೊಡೆ. ಆ ವೇಷದಲ್ಲಿ ಅವುಗಳನ್ನು ಗೇಟು ದಾಟಿಸಿ, ಪಬ್ಬಿನ ಮುಂದೆ ಹಾಯಿಸಿ, ಸೊಟ್ಟ ಕಾಲಲ್ಲಿ ಓಡುತ್ತ ಹಳೇ ದೊಡ್ಡಿಯ ತನಕ ಅಟ್ಟಿಕೊಂಡು ಹೋದ. ಏಳನ್ನೂ ಒಳಗೆ ನೂಕಿ, ಬಾಗಿಲು ಎಳೆದು, ಚಿಲಕ ಇಲ್ಲದ್ದರಿಂದ ಕೊರಳ ಟೈ ಬಿಚ್ಚಿ ಬಿಗಿಯಾಗಿ ಕಟ್ಟಿದ. ಎದೆಯುಬ್ಬಿಸಿಕೊಂಡು ನಮ್ಮ ಕಡೆ ತಿರುಗಿದ. ಮುನ್ನೂರು ವರ್ಷದಲ್ಲಿ ಆ ದೊಡ್ಡಿಗೆ ಒಬ್ಬ ಪೆನ್‌ಫೋಲ್ಡ್ ಕುರಿ ಕೂಡಿದ್ದು ಅದೇ ಮೊದಲು.

ಡೋರೀನ್ ಏದುಸಿರು ಬಿಡುತ್ತ ಬಂದು ನಿಂತಳು. "ಕ್ಲಿಫ್, ನಿನ್ನ ಕೋಸು ಎಲ್ಲಿವೆ?"

ಗೋಡೆಯಾಚೆಯಿಂದ ಕರಕರ ಅಗಿಯುವ ಸದ್ದು ಕೇಳುತ್ತಿತ್ತು.

ಅವನು ಗೋಡೆಯ ಮೇಲಿಂದ ಇಣುಕಿದಾಗ ಮೂರನೆಯದು ಮುಗಿಯುತ್ತಿತ್ತು. ನಾವು ನಕ್ಕ ನಗೆಗೆ ಪಬ್ಬಿನವನು ಬಾಗಿಲು ಬೇಗ ತೆರೆದ. ಕ್ಲಿಫರ್ಡ್ ಸ್ವಲ್ಪ ಹೊತ್ತು ನೋಡಿ, ಕೂಡಿದ ಪ್ರಾಣಿಗೆ ಮೇವು ದೊಡ್ಡಿಯವನೇ ಕೊಡಬೇಕಂತೆ, ಅದೊಂದು ಆಯಿತು ಎಂದು ಹೇಳಿ, ನೀರಿನ ಬಕೆಟ್ಟು ತರಲು ಒಳಗೆ ಹೋದ.

ಡೋರೀನ್ ಮಧ್ಯಾಹ್ನವೆಲ್ಲ ಅವನ ಬೆನ್ನು ಬಿಡಲಿಲ್ಲ. ನಾಲ್ಕು ಗಂಟೆಗೆ ಬರುವವಳು ಹಿಲ್ಡಾ, ಕೂಡಿಹಾಕಿದ್ದು ಹಿಲ್ಡಾಳ ಕುರಿ, ಕೇಳಬೇಕಾದ್ದು ಹಿಲ್ಡಾಳ ಒಪ್ಪಿಗೆ. ಈಗಲೇ ಹಿಂದಿನ ದಾರಿಯಲ್ಲಿ ಬಿಟ್ಟು ಬಾ, ಊರವರ ಬಾಯಿ ನಾನು ಮುಚ್ಚಿಸುತ್ತೇನೆ ಎಂದಳು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನು ಎರಡು ಸಲ ಎದ್ದು ದೊಡ್ಡಿಯ ಬಾಗಿಲ ತನಕ ಹೋದ. ಎರಡು ಸಲವೂ ಅಮ್ಮನ ಸಮಾಧಿಯ ಮೇಲಿನ ಕುರಿ ಕಣ್ಣಿಗೆ ಕಟ್ಟಿತು. ಮೂರು ವರ್ಷದಿಂದ ಅಲ್ಲಿ ಹೂವಿಡುತ್ತಿದ್ದೇನೆ, ಮೂರು ವರ್ಷದಿಂದ ಅವು ತಿನ್ನುತ್ತಿವೆ, ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ ಎಂದು ನಾಚಿಕೆಯಾಯಿತು. ವಾಪಸು ಬಂದು ಕುರ್ಚಿಯಲ್ಲಿ ಕೂತ.

ಸರಿಯಾಗಿ ನಾಲ್ಕಕ್ಕೆ ಪೆಲ್ಲಿಂಗರ ಗಾಡಿ ಬಂತು. ನೀಲ್ ಇಳಿದು ಲೋರ್ನಾಳ ಕೈ ಹಿಡಿದು ಇಳಿಸಿದ. ಹಿಲ್ಡಾ ಒಣಹಣ್ಣಿನ ಕೇಕಿನ ಡಬ್ಬಿ ಹಿಡಿದು ಇಳಿದಳು. ದೊಡ್ಡಿಯೊಳಗಿಂದ ಒಂದು ಕುರಿ ಕೂಗಿತು. ತನ್ನ ಕುರಿಯ ದನಿ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಡಬ್ಬಿಯನ್ನು ನೀಲ್‌ನ ಕೈಗೆ ಕೊಟ್ಟು ನೇರ ಹೋಗಿ ಟೈಯ ಗಂಟಿಗೆ ಕೈಹಾಕಿದಳು. ಗೋಡೆಯ ಸುತ್ತ ನಿಂತಿದ್ದ ನಾವು ಎರಡೆರಡು ಹೆಜ್ಜೆ ಹಿಂದೆ ಸರಿದೆವು.

"ಹಿಲ್ಡಾ, ಬಿಚ್ಚಬೇಡ" ಎಂದ ಕ್ಲಿಫರ್ಡ್. "ಮೊದಲು ನನ್ನನ್ನ ಕೇಳಬೇಕು."

"ನಿನ್ನನ್ನ ಯಾಕೆ ಕೇಳ್ಬೇಕು? ಯಾರು ನೀನು?"

ಸರದಾರನನ್ನು ಹೊರಗೆ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಶನಿವಾರವಿಡೀ ಅಭ್ಯಾಸ ಮಾಡಿದ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಅವನು ಒಮ್ಮೆ ಆ ಕಲ್ಲುಗೋಡೆಯ ಕಡೆ ನೋಡಿದ.

"ದೊಡ್ಡಿ ಕಾಯೋನು" ಎಂದ. "ನಮ್ಮ ಹೆಸರಿಗೆ ಇರೋದು ಅಷ್ಟೇ ಅರ್ಥ. ಸರದಾರ ಇಲ್ಲ, ಸಿಂಹ ಇಲ್ಲ, ಅದು ದುಡ್ಡು ಕೊಟ್ಟು ತಂದದ್ದು. ನಮ್ಮೋರು ಬೀಡಾಡಿ ದನ ಹಿಡಿದು ಇದರೊಳಗೆ ಕೂಡ್ತಿದ್ರು, ಊರೋರ ಕೈಲಿ ಒದೆ ತಿಂತಿದ್ರು. ನಿನ್ನ ಕುರಿ ನಮ್ಮಮ್ಮನ ಸಮಾಧಿ ಮೇಲೆ ನಿಂತಿತ್ತು ಹಿಲ್ಡಾ. ಅದಕ್ಕೆ ಕೂಡಿದೆ. ಈಗ ಒದಿಯೋದಿದ್ರೆ ಒದಿ."

ಹಿಲ್ಡಾ ಗಂಟಿನಿಂದ ಕೈ ತೆಗೆದಳು. ಗೋಡೆಯ ಮೇಲಿಂದ ಒಳಗೆ ನೋಡಿದಳು. ಕುರಿಗಳು, ನೀರಿನ ಬಕೆಟ್ಟು, ಒಂಬತ್ತು ಬೋಳು ದಂಟು. ಅವು ಏನೆಂದು ಅವಳಿಗೂ ಗೊತ್ತಿತ್ತು, ಆ ಪ್ರದರ್ಶನದಲ್ಲಿ ನಾಲ್ಕು ಸಲ ಅವನ ಕೋಸಿನ ಪಕ್ಕ ಎರಡನೆಯ ಸ್ಥಾನದಲ್ಲಿ ಕೂತದ್ದು ಅವಳದ್ದೇ ಕೋಸು.

"ಕೇಳ್ತೀನಿ" ಎಂದಳು ಕೊನೆಗೆ. "ನನ್ನ ಕುರಿ ಬಿಡು."

"ಬೇಲಿ?"

"ನಾಳೆ ನೀಲ್ ಹಾಕ್ತಾನೆ."

ಟೈ ಎಷ್ಟು ಬಿಗಿದಿತ್ತೆಂದರೆ ಕ್ಲಿಫರ್ಡ್‌ಗೆ ಬಿಚ್ಚಲು ಬರಲಿಲ್ಲ. ಡೋರೀನ್ ಕತ್ತರಿ ತಂದು ಕತ್ತರಿಸಿದಳು.

ಚಹಾದ ಮೇಜಿನ ಮುಂದೆ ಎಲ್ಲರೂ ಕೂತ ಮೇಲೆ ಹಿಲ್ಡಾಳೇ ಮಾತು ತೆಗೆದಳು. ಗಂಡ ಸತ್ತ ಮೇಲೆ ಈ ಊರಲ್ಲಿ ತನ್ನ ಮುಖಕ್ಕೆ ಯಾರೂ ಒಂದು ತಪ್ಪು ಎತ್ತಿ ಹೇಳಿರಲಿಲ್ಲ ಎಂದಳು. ಜನ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡಿದ್ದಳಂತೆ. ನಿಜವಾದ ಕಾರಣ ಕೇಳಿದ್ದೆ, ಸಿಕ್ಕಿತು, ಮಗುವಿಗೆ ಪೆನ್‌ಫೋಲ್ಡ್ ಎಂದೇ ಇಡಿ, ನನ್ನ ಅಡ್ಡಿ ಇಲ್ಲ ಎಂದು ಹೇಳಿ ಕೇಕು ಕೊಯ್ಯಲು ಚಾಕು ಕೇಳಿದಳು.

ಕ್ಲಿಫರ್ಡ್‌ಗೆ ಕುಣಿಯಬೇಕೆನ್ನಿಸಿತು. ಗೆದ್ದೆ ಎಂದುಕೊಂಡ. ಮೇಜಿನ ಮೇಲೆ ಬಾಗಿ, "ಕೇಳಿದೆಯಾ ಲೋರ್ನಾ? ಪೆನ್‌ಫೋಲ್ಡ್" ಎಂದ.

ಲೋರ್ನಾ ಬಟ್ಟಲು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು, ಆದರೆ ದನಿ ಏರಲಿಲ್ಲ.

"ಅಪ್ಪ, ಫೋನ್ ಎತ್ತಿದ್ರೆ ಹೆಸರು, ಮನೆಗೆ ಬಂದ್ರೆ ಹೆಸರು. ರಕ್ತ ಹೋಗಿ ಹತ್ತು ದಿನ ಆಸ್ಪತ್ರೇಲಿ ಮಲಗಿದ್ದೆನಲ್ಲ, ಆಗ ದ್ರಾಕ್ಷಿ ತಂದೆ, ಅದರ ಜತೆ ಆ ಗುರಾಣಿ ಫೋಟೋನೂ ತಂದೆ. ಹೇಗಿದೀಯ ಅಂತ ಒಂದು ಸಲ ಕೇಳಿದೀಯಾ ನನ್ನ?"

ಕ್ಲಿಫರ್ಡ್ ತಮಾಷೆಗಾಗಿ ತಡಕಾಡಿದ. ಇಷ್ಟು ವರ್ಷ ಯಾವ ಇಕ್ಕಟ್ಟಿನಲ್ಲೂ ಕೈಕೊಡದೆ ಇದ್ದ ತಮಾಷೆ ಅವತ್ತು ಒಂದೂ ಒದಗಲಿಲ್ಲ. ದ್ರಾಕ್ಷಿ ತಂದದ್ದು ನೆನಪಿತ್ತು. ಮಗಳ ಮುಖ ಆ ಹಾಸಿಗೆಯ ಮೇಲೆ ಹೇಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವನು ನೋಡಿದ್ದು ಗೋಡೆಯ ಮೇಲೆ ಫೋಟೋ ಅಂಟಿಸಲು ಜಾಗ ಎಲ್ಲಿದೆ ಎಂದು. ತನ್ನ ಮೇಲೆ ತಾನು ಅಷ್ಟೊಂದು ನಕ್ಕವನಿಗೆ, ತಾನು ಎಂಥ ಮೂರ್ಖ ಎಂದು ನಿಜವಾಗಿ ತಿಳಿದದ್ದು ಆಗಲೇ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

"ಹೇಗಿದೀಯ ಮಗಳೇ?" ಎಂದ.

ಅವಳು ಹೇಳಿದಳು. ನಿದ್ದೆ ಬರುವುದಿಲ್ಲ. ಮಗು ಸಣ್ಣದಿದೆ ಎಂದು ಡಾಕ್ಟರು ಹೇಳಿದ್ದಾರೆ. ಒದೆಯುವುದು ನಿಂತರೆ ಎಂದು ಹೆದರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಾಳೆ. ಹೆಸರಿನ ಮಾತು ಬಂದಾಗಲೆಲ್ಲ, ಮೊದಲು ಅದು ಹುಟ್ಟಲಿ ಎಂದು ಕೂಗಬೇಕೆನ್ನಿಸುತ್ತದೆ. ಕ್ಲಿಫರ್ಡ್ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೇಳುತ್ತ ಕೂತ. ಚಹಾ ಆರಿಹೋಯಿತು, ಡೋರೀನ್ ಮತ್ತೆ ಕಾಸಿದಳು, ಅದೂ ಆರಿತು.

ಹೇಳಿ ಹಗುರವಾದ ಮೇಲೆ ಲೋರ್ನಾ ಮೂಗೊರೆಸಿಕೊಂಡು, ಈಗ ನೀನೇ ಹೇಳಿಬಿಡು ಅಪ್ಪ, ನೀನು ಏನು ಹೇಳಿದರೆ ಅದನ್ನೇ ಬರೆಸುತ್ತೇವೆ, ಈ ಮಾತು ಇವತ್ತಿಗೆ ಮುಗಿಯಲಿ ಎಂದಳು. ನೀಲ್ ಹೂಂ ಎಂದು ತಲೆಯಾಡಿಸಿದ. ತಿಂಗಳುಗಟ್ಟಲೆ ಬೇಡಿದ್ದು ತಟ್ಟೆಯಲ್ಲಿಟ್ಟ ಹಾಗೆ ಎದುರಿಗೇ ಬಂದಿತ್ತು. ಕ್ಲಿಫರ್ಡ್ ಅವಳ ಹೊಟ್ಟೆಯನ್ನು ನೋಡಿದ, ಅದರ ಮೇಲೆ ಅವಳು ಇಟ್ಟುಕೊಂಡಿದ್ದ ಕೈಯನ್ನು ನೋಡಿದ.

"ಪೆಲ್ಲಿಂಗ್ ಅಂತ ಬರೆಸು" ಎಂದ. "ದಾರಿ ತಪ್ಪಿ ಬಂದದ್ದನ್ನ ಕೂಡೋದು ನಮ್ಮ ಕೆಲಸ ಕಣಮ್ಮ. ಈ ಮಗು ದಾರಿ ತಪ್ಪಿ ಬರ್ತಿಲ್ಲ. ಅದನ್ನ ಯಾಕೆ ನಾನು ಹಿಡಿದು ಕೂಡ್ಲಿ?"

ಹೇಳುವಾಗ ನಗಲು ನೋಡಿದ, ಆಗಲಿಲ್ಲ. ಅವನಿಗೆ ದುಃಖವಾಗಿತ್ತು, ತನ್ನ ಹೆಸರು ತನ್ನೊಂದಿಗೇ ಮುಗಿಯುತ್ತದೆ ಎಂಬ ದುಃಖ, ಅದನ್ನು ಅವನು ಮುಚ್ಚಿಡಲಿಲ್ಲ. ಎಲ್ಲರ ಮುಂದೆ ಅಳುತ್ತ ಕೂತ. ಲೋರ್ನಾ ಅವನ ಕೈ ಹಿಡಿದೆಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಅವನ ಅಂಗೈಗೆ ಸರಿಯಾಗಿ ಒಂದು ಒದೆ ಬಿತ್ತು.